ಅಜ್ಜನ ಬಿಳಿ ಕುಪ್ಯ (ಕೊಡವರ ನಿಲುವಂಗಿ) ಹಾಕಿಕೊಳ್ಳಲಾ, ಹೊಸದು ಹೊಲಿಸಲಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ವಿರಾಜಪೇಟೆಯಲ್ಲಿ ನನ್ನ ಮದುವೆ. ಕಾಫಿ ಕೊಯ್ಲಿನ ಹೊತ್ತು, ಅಂಗಡಿ ಅಂಗಡಿ ಸುತ್ತಲು ಟೈಮಿಲ್ಲ.

ಮುಹೂರ್ತಕ್ಕೆ ಬಿಳಿ ಕುಪ್ಯ, ಸೊಂಟಕ್ಕೆ ಕೆಂಪು ಚೇಲೆ (ನಡುಪಟ್ಟಿ), ತಲೆಗೆ ಮಂಡೆತುಣಿ (ಪೇಟ), ನಡುವಿಗೆ ಸಿಕ್ಕಿಸುವ ಪೀಚೆಕತ್ತಿ. ಅದರಲ್ಲಿ ಚರ್ಚೆಯೇ ಇಲ್ಲ. ತೊಂದರೆ ಕುಪ್ಯದ್ದು. ಅಜ್ಜ ತಮ್ಮ ಮದುವೆಗೆ ಹಾಕಿದ್ದ ಕುಪ್ಯ ಪೆಟ್ಟಿಗೆಯಲ್ಲಿ ಸಿಕ್ಕಿದೆ, ಅದನ್ನೇ ಹಾಕಿಕೊಳ್ಳಬೇಕು ಅಂತ ಆಸೆ. ಆದರೆ ಬಟ್ಟೆ ಹಳದಿಯಾಗಿದೆ, ಎದೆಯ ಹತ್ತಿರ ಕಾಳುಮೆಣಸಿನಷ್ಟು ತುಕ್ಕಿನ ಕಲೆ ಇದೆ, ಭುಜ ಬಿಗಿ. ಕೈ ಎತ್ತಿದರೆ ಕಂಕುಳಲ್ಲಿ ಚರ್ ಅನ್ನುತ್ತೆ. ಇಡೀ ಹೊತ್ತು ಮುಕ್ಕಾಲಿ (ಮೂರು ಕಾಲಿನ ಪೀಠ) ಮೇಲೆ ಕೂತು ಅಕ್ಕಿ ಹಾಕಿಸಿಕೊಂಡು, ಕಿಂಡಿಯಲ್ಲಿ (ಮೂತಿಯಿರುವ ಚೊಂಬು) ಹಾಲು ಕುಡಿಯಬೇಕಲ್ವಾ, ಆಮೇಲೆ ಎಲ್ಲರ ಕಾಲಿಗೆ ಬೀಳಬೇಕು, ಅಷ್ಟರಲ್ಲಿ ಹರಿದರೆ ಏನು ಗತಿ? ಟೈಲರ್ ಹೊಲಿಗೆ ಬಿಚ್ಚಿ ನೋಡಿ, ಒಳಗೆ ಬಿಡಲು ಬಟ್ಟೆಯೇ ಇಲ್ಲ ಅಂದರು.

ತುಕ್ಕಿನ ಕಲೆ ತೆಗೆಸಿದವರು ಯಾರಾದರೂ ಇದ್ದೀರಾ? ಹೊಸದಾದರೆ ಮಡಿಕೇರಿ, ಗೋಣಿಕೊಪ್ಪ ಕಡೆ ಕುಪ್ಯ ಚೆನ್ನಾಗಿ ಹೊಲಿಯುವವರು ಯಾರು, ಎಷ್ಟು ದಿನ ಮೊದಲೇ ಕೊಡಬೇಕು? ಬಾಡಿಗೆಯದು ಬೇಡ. ಒಮ್ಮೆ ಗೆಳೆಯನ ಮದುವೆಯಲ್ಲಿ ನೋಡಿದ್ದೇನೆ, ಅರ್ಧ ತೋಳು ಮೊಣಕೈ ದಾಟಿ ಕೆಳಗೆ ಬಂದಿತ್ತು ಪಾಪ.

ಮಂಡೆತುಣಿ ರೆಡಿಮೇಡ್ ಸಾಕಾ? ಸೋದರಮಾವ ಮಾತ್ರ ಕಟ್ಟಿಸಲೇಬೇಕು ಅಂತ ಹಟ ಹಿಡಿದಿದ್ದಾರೆ. ಪೀಚೆಕತ್ತಿಯ ಬೆಳ್ಳಿ ಸರಪಳಿ ಕಪ್ಪಾಗಿದೆ, ಮನೆಯಲ್ಲೇ ಉಜ್ಜಬಹುದಾ ಅಥವಾ ಅಕ್ಕಸಾಲಿಗರಿಗೇ ಕೊಡಲಾ?

ರಿಸೆಪ್ಶನ್‌ಗೆ ತಮ್ಮ ಸೂಟ್ ಅಂತಾನೆ, ಅವ್ವ ಕಪ್ಪು ಕುಪ್ಯ ಅಂತಾರೆ. ನಾನಂತೂ ಅವ್ವನ ಕಡೆ. ಫೋಟೋ ಇದ್ದರೆ ಹಾಕಿ.