ಸಾರ್ಟಿಗೆ ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಕೇಳಬೇಕಾದದ್ದು ಒಂದೇ ಪದ, ಹಿನ್ನೆಲೆ ಮಾತ್ರ ಸ್ವಲ್ಪ ಉದ್ದ. ಪದ ‘ಸಾರ್ಟಿ’. ವಾಯುಪಡೆಯ ಸುದ್ದಿಗಳಲ್ಲಿ, ಒಂದು ವಿಮಾನ ಒಂದು ಸಲ ಕೆಲಸಕ್ಕೆ ಹಾರಿಹೋಗುವುದಕ್ಕೆ ಬಳಸುತ್ತಾರಲ್ಲ, ಅದೇ. ಅಚ್ಚಿನಲ್ಲಿ ಓದುವಾಗ ಇದು ನನ್ನನ್ನು ಯಾವತ್ತೂ ಕಾಡಿರಲಿಲ್ಲ. ಬಾಯಿಬಿಟ್ಟು ಹೇಳಬೇಕಾದಾಗ ಸಿಕ್ಕಿಹಾಕಿಕೊಂಡೆ.

ನನ್ನ ಸೋದರಮಾವ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು. ಈಗ ಕಣ್ಣು ಮಂಜಾಗಿ ಓದುವುದು ನಿಂತಿದೆ, ಕಿವಿ ಚುರುಕಾಗಿದೆ. ಅವರಿಗೆ ಹೊರದೇಶದ ಮ್ಯೂಸಿಯಮ್ಮುಗಳ ಆಡಿಯೋ ಹಾಕಿಕೊಡುವುದು ನನ್ನ ಭಾನುವಾರದ ಕೆಲಸ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನವರು 1972ರಲ್ಲೇ ಧ್ವನಿಮುದ್ರಣಕ್ಕೆಂದು ಒಂದು ವಿಭಾಗ ತೆರೆದರು. ಯುದ್ಧದಲ್ಲಿ ಹಾರಿದವರು, ವಿಮಾನ ರಿಪೇರಿ ಮಾಡಿದವರು ತಮ್ಮ ಕತೆಯನ್ನು ತಾವೇ ಹೇಳಿರುವ ಎಷ್ಟೋ ಮುದ್ರಣಗಳನ್ನು ಮನೆಯಲ್ಲೇ ಕೂತು ಕೇಳಬಹುದು. ಅಮೆರಿಕದ ಸ್ಮಿತ್‌ಸೋನಿಯನ್‌ನ ವಿಮಾನ ಮ್ಯೂಸಿಯಮ್ಮಿನವರು ‘ಏರ್‌ಸ್ಪೇಸ್’ ಅಂತ ಪಾಡ್‌ಕಾಸ್ಟ್ ಮಾಡುತ್ತಾರೆ. ಮಾವ ಎರಡನ್ನೂ ಕೇಳುತ್ತಾರೆ, ನಡುನಡುವೆ ‘ತಪ್ಪು’ ಅನ್ನುತ್ತಾರೆ. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಕೂತ ಅತ್ತೆಗೆ ಮಾತ್ರ ರೇಗುತ್ತದೆ. “ಅದೇನು ಗೊಣಗೊಣ, ಕನ್ನಡದಲ್ಲಿ ಹೇಳೋರು ಯಾರೂ ಇಲ್ವೇನೋ?”

ಸರಿ, ನಾನೇ ಹೇಳೋಣ ಅಂತ ಹೊರಟೆ. ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ 2001ರಲ್ಲಿ ಶುರುವಾದ ಎಚ್‌ಎಎಲ್ ಮ್ಯೂಸಿಯಮ್ ಇದೆಯಲ್ಲ, ಅಲ್ಲಿಗೆ ಇಬ್ಬರನ್ನೂ ಕರೆದುಕೊಂಡು ಹೋಗಿ, ವಿಮಾನದ ಮುಂದೆ ನಿಲ್ಲಿಸಿ, ಫೋನಿನಲ್ಲಿ ಕೇಳಿಸುವಂಥ ಇಪ್ಪತ್ತು ನಿಮಿಷದ ಕನ್ನಡ ಆಡಿಯೋ. ಮ್ಯೂಸಿಯಮ್ಮಿಗೂ ಇದಕ್ಕೂ ಸಂಬಂಧವಿಲ್ಲ, ಮನೆಮಟ್ಟಿನದು.

ಮೊದಲ ತುಂಡು ಮಾರುತ್ ಯುದ್ಧವಿಮಾನದ ಬಗ್ಗೆ. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ವಿನ್ಯಾಸ ಮಾಡಿದ ಎಚ್‌ಎಫ್-24, ಮೊದಲ ಸಲ ಹಾರಿದ್ದು 1961ರ ಜೂನ್ 17ರಂದು. ಕಟ್ಟಿದ್ದು ಒಟ್ಟು 147. “ಮಾರುತ ಅಂದ್ರೆ ಮುಂಗಾರು ಮಾರುತಾನಾ?” ಅಂದರು ಅತ್ತೆ. ಹೌದು ಅಂದೆ, ಗಾಳಿಯ ಹೆಸರೇ. ವಿಮಾನಕ್ಕೆ ಹೆಸರಿಟ್ಟವರು ನಮ್ಮ ಕೆಲಸ ಹಗುರ ಮಾಡಿದ್ದಾರೆ.

ಮುಂದಿನ ಸಾಲಿನಲ್ಲೇ ಎಡವಿದೆ. ಉದಾಹರಣೆಗೆಂದು ಹೀಗೆ ಓದಿದ್ದೆ: “ನಾಲ್ಕು ವಿಮಾನಗಳು ಆ ದಿನ ಹನ್ನೆರಡು ಸಾರ್ಟಿ ಹಾರಿದವು.” ಅತ್ತೆ ಕೇಳಿಸಿಕೊಂಡದ್ದು ‘ಹನ್ನೆರಡು ಸಾರಿ’. “ಅಬ್ಬಾ, ಒಂದೇ ದಿನದಲ್ಲಿ ಹನ್ನೆರಡು ಸಾರಿನಾ!”

ತಪ್ಪು ಕೇಳಿಸಿಕೊಂಡರೂ ಅರ್ಥದ ಹತ್ತಿರವೇ ಬಂದಿದ್ದರು, ತಮಾಷೆ ಅದು. ಆದರೆ ಸಾರಿ, ಸಲ, ಬಾರಿ ಇವೆಲ್ಲ ಎಷ್ಟು ವಿಮಾನ ಅನ್ನುವುದನ್ನಲ್ಲ, ಎಷ್ಟು ಸಂದರ್ಭ ಅನ್ನುವುದನ್ನು ಎಣಿಸುತ್ತವೆ. ಸಾರ್ಟಿ ಎಣಿಸುವುದು ವಿಮಾನ ಮತ್ತು ಸಂದರ್ಭ ಎರಡನ್ನೂ ಸೇರಿಸಿ. ಒಂದು ವಿಮಾನ ಒಂದು ಸಲ ಹೊರಟರೆ ಒಂದು ಸಾರ್ಟಿ. ನಾಲ್ಕು ವಿಮಾನ ಬೆಳಗ್ಗೆ, ಮಧ್ಯಾಹ್ನ, ಸಂಜೆ ಹೊರಟರೆ ಹನ್ನೆರಡು. ‘ಹನ್ನೆರಡು ಸಾರಿ’ ಅಂದರೆ ಲೆಕ್ಕ ನಲವತ್ತೆಂಟಕ್ಕೆ ಹೋಗಿಬಿಡುತ್ತದೆ.

ಅಚ್ಚಿನಲ್ಲಾದರೆ ಕಂಸ ಹಾಕಿ ಒಂದು ವಿವರಣೆ ಕೊಟ್ಟು ಪಾರಾಗಬಹುದಿತ್ತು. ಕಿವಿಗೆ ಕಂಸ ಇಲ್ಲ. ಕೇಳುವವರು ಹಿಂದಿನ ಸಾಲಿಗೆ ಕಣ್ಣು ಹಾಯಿಸಲಾರರು. ಮೊದಲ ಸಲ ಕೇಳಿದಾಗಲೇ ಪದ ಕೂರಬೇಕು.

ಮಾವನನ್ನು ಕೇಳಿದೆ. “ಸಾರ್ಟಿ ಅಂದ್ರೆ ಸಾರ್ಟಿನೇ ಕಣಯ್ಯಾ. ನಾವೇನು ಫ್ಯಾಕ್ಟರೀಲಿ ಸ್ಪ್ಯಾನರಿಗೆ ಕನ್ನಡ ಹುಡುಕ್ತಿದ್ವಾ?” ಅವರ ಮಾತಿನಲ್ಲೂ ಹುರುಳಿದೆ. ರೇಡಿಯೋ ಸಂಕೇತಗಳಿಗೆ ನಾನೂ ಅದನ್ನೇ ಪಾಲಿಸಿದ್ದೇನೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳಿಗೆ ‘ಏಂಜಲ್ಸ್ 15’ ಅಂದರೆ 15,000 ಅಡಿ ಎತ್ತರ, ‘ಪ್ಯಾನ್‌ಕೇಕ್’ ಅಂದರೆ ಇಳಿ. ಇವನ್ನು ದೇವದೂತ, ದೋಸೆ ಅಂತ ಮಾಡಿದರೆ ಕೇಳುವವರು ನಗುತ್ತಾರೆ. 1971ರ ನವೆಂಬರ್ 22ರಂದು ಪೂರ್ವ ಪಾಕಿಸ್ತಾನದ ಗಡಿಯ ಬೋಯ್ರಾದ ಮೇಲೆ ನಮ್ಮ ನ್ಯಾಟ್ ಯುದ್ಧವಿಮಾನಗಳು ಪಾಕಿಸ್ತಾನದ ಸೇಬರ್‌ಗಳನ್ನು ಹೊಡೆದಾಗ ಫ್ಲೈಟ್ ಲೆಫ್ಟಿನೆಂಟ್ ಗಣಪತಿ ರೇಡಿಯೋದಲ್ಲಿ ‘ಮರ್ಡರ್, ಮರ್ಡರ್, ಮರ್ಡರ್’ ಅಂದರಲ್ಲ, ಅದೂ ಸಂಕೇತವೇ. ‘ಕೊಲೆ’ ಅಂದರೆ ಪೊಲೀಸ್ ಠಾಣೆಯ ವಾಸನೆ ಬರುತ್ತದೆ. ಡಾಗ್‌ಫೈಟ್‌ನಲ್ಲಿ ಮಾತ್ರ ನಾಯಿಯನ್ನು ಬಿಟ್ಟು ‘ಆಗಸದ ಕಾಳಗ’ ಅಂತಿಟ್ಟುಕೊಂಡೆ. ಟಗರು ಕಾಳಗ, ಕೋಳಿ ಅಂಕ ಇರುವ ನಾಡಿನಲ್ಲಿ ನಾಯಿಗಳದ್ದು ಬರೀ ಕಚ್ಚಾಟ.

ಆದರೆ ಸಾರ್ಟಿ ಸಂಕೇತವಲ್ಲ, ಲೆಕ್ಕದ ಪದ. ಲೆಕ್ಕ ಅತ್ತೆಗೂ ತಿಳಿಯಬೇಕು. ಹಾಗಾಗಿ ಒಂದೊಂದೇ ಪದ ಹಾಕಿ ನೋಡಿದೆ.

‘ದಾಳಿ’ ಅಂತ ಬರೆಯುವವರಿದ್ದಾರೆ, ಅದು ತಪ್ಪೇ. 1947ರ ಅಕ್ಟೋಬರ್ 27ರಂದು ಡಕೋಟಾ ಸಾಗಣೆ ವಿಮಾನಗಳು ಸೈನಿಕರನ್ನು ಹೊತ್ತು ಶ್ರೀನಗರಕ್ಕೆ ಹೋದದ್ದೂ ಸಾರ್ಟಿಯೇ, ಗಡಿಯ ಫೋಟೋ ತೆಗೆದು ಬರುವುದೂ ಸಾರ್ಟಿಯೇ. ‘ಕಾರ್ಯಾಚರಣೆ’ ತೀರಾ ದೊಡ್ಡದು, ಅದರ ಹೊಟ್ಟೆಯಲ್ಲಿ ಸಾವಿರ ಸಾರ್ಟಿ ಹಿಡಿಯುತ್ತವೆ. ‘ಹಾರಾಟ’ ಅಂದರೆ ಎಣಿಕೆಗೆ ಸಿಗುವುದಿಲ್ಲ, ಮೇಲಾಗಿ “ಅವನ ಹಾರಾಟ ಎಷ್ಟು ದಿನ ನೋಡೋಣ” ಅನ್ನುವ ವ್ಯಂಗ್ಯ ಬೆನ್ನಿಗಂಟಿದೆ. ‘ಹಾರಿಕೆ’ ಅಂತ ಹೊಸದಾಗಿ ಮಾಡಿದರೆ ಹಾರಿಕೆ ಉತ್ತರ ನೆನಪಾಗುತ್ತದೆ. ‘ಸವಾರಿ’ ನನಗೆ ಇಷ್ಟವಾಗಿತ್ತು. ಅತ್ತೆ “ಎಲ್ಲಿಗೆ ಹೊರಟಿತು ಸವಾರಿ?” ಅಂತ ನಕ್ಕಮೇಲೆ ಕೈಬಿಟ್ಟೆ.

‘ಲಗ್ಗೆ’ಯ ಬಗ್ಗೆ ಎರಡು ಮಾತು. ಸಾರ್ಟಿಯ ಮೂಲ ಫ್ರೆಂಚಿನ ‘ಹೊರಹೋಗು’ ಅನ್ನುವ ಕ್ರಿಯಾಪದ. ಮುತ್ತಿಗೆಯಲ್ಲಿ ಸಿಕ್ಕಿಬಿದ್ದವರು ಕೋಟೆಯ ಬಾಗಿಲು ತೆಗೆದು ದಿಢೀರನೆ ಹೊರಗೆ ನುಗ್ಗಿ ಹೊಡೆಯುವುದಕ್ಕೆ ಆ ಹೆಸರಿತ್ತು. ನಮ್ಮ ಲಗ್ಗೆ ಅದಕ್ಕೆ ತಿರುಗಾಮುರುಗ. ಹೊರಗಿನವರು ಕೋಟೆಗೆ ಏಣಿ ಹಾಕಿ ಹತ್ತುವುದು. ಒಳಗಿನಿಂದ ಹೊರಗೆ ನುಗ್ಗುವುದಕ್ಕೆ ಹಳಗನ್ನಡದಲ್ಲೋ ಪಾಳೆಯಗಾರರ ಕಾಲದ ಬರಹಗಳಲ್ಲೋ ಬೇರೆಯದೇ ಪದ ಯಾರಾದರೂ ಕಂಡಿದ್ದೀರಾ? ಇಷ್ಟೊಂದು ಕೋಟೆ ಕಟ್ಟಿದ ಜನ ಅದಕ್ಕೊಂದು ಹೆಸರಿಡದೆ ಬಿಟ್ಟಿರಲಾರರು.

ಈ ನಡುವೆ ಅತ್ತೆಯೇ ಒಂದು ದಾರಿ ತೋರಿಸಿದರು. ಅವರ ತವರು ಅರಸೀಕೆರೆ ಕಡೆ. “ಹೊಲಕ್ಕೆ ಇಪ್ಪತ್ತು ಗಾಡಿ ಗೊಬ್ಬರ ಹೊಡೆಸಿದ್ವಿ ಅಂತೀವಲ್ಲ, ಇಪ್ಪತ್ತು ಗಾಡಿ ಯಾರ ಮನೇಲಿತ್ತು? ಇದ್ದದ್ದು ಎರಡೇ. ಹತ್ತತ್ತು ಸಲ ಹೊಡೆದ್ರು.” ಇದಲ್ಲವೇ ಸಾರ್ಟಿಯ ಲೆಕ್ಕ! ನಾಟಿಗೆ ಹನ್ನೆರಡು ಆಳು ಆಯ್ತು ಅನ್ನುವುದೂ ಹೀಗೆಯೇ, ನಾಲ್ಕು ಜನ ಮೂರು ದಿನ. ಅಂದರೆ ಈ ಎಣಿಕೆ ಕನ್ನಡಕ್ಕೆ ಹೊಸದಲ್ಲ, ವಿಮಾನಕ್ಕೆ ಇನ್ನೂ ಹತ್ತಿಲ್ಲ, ಅಷ್ಟೆ. ಅದೇ ಜಾಡಿನಲ್ಲಿ ಮೂರು ದಿನ ‘ಟ್ರಿಪ್ಪು’ ಅಂತಲೇ ಇಟ್ಟುಕೊಂಡಿದ್ದೆ. ಮರಳು ಲಾರಿಯವರಿಂದ ಹಿಡಿದು ಎಲ್ಲರಿಗೂ ತಿಳಿಯುತ್ತದೆ.

ಕೊನೆಯ ತುಂಡಿಗೆ ಬಂದಾಗ ಅದೂ ಕೈಕೊಟ್ಟಿತು. ಆ ತುಂಡು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರದು. 1965ರ ಸೆಪ್ಟೆಂಬರ್ 7ರಂದು ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ಹೋದವು. ದೇವಯ್ಯನವರದು ಬದಲಿಗೆಂದು ಇಟ್ಟುಕೊಂಡಿದ್ದ ವಿಮಾನ. ಒಂದು ಹಿಂದುಳಿಯಿತು, ಇವರು ಸೇರಿಕೊಂಡರು. ತನ್ನದಕ್ಕಿಂತ ಬಹಳ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ಬೆನ್ನಟ್ಟಿದಾಗ ತಿರುಗಿ ಬಿದ್ದು ಅದನ್ನು ಕೆಡವಿದರು. ತಾವು ಮರಳಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷದ ಮೇಲೆ.

ಟ್ರಿಪ್ಪು ಅಂದರೆ ಹೋಗಿ ಬರುವುದು. ನಮ್ಮಲ್ಲಿ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನುವುದೇ ಇಲ್ಲ, ‘ಬರ್ತೀನಿ’ ಅಂತಲೇ. ಸಾರ್ಟಿಗೆ ಆ ಕರಾರಿಲ್ಲ, ವಿಮಾನ ನೆಲ ಬಿಟ್ಟರೆ ಲೆಕ್ಕಕ್ಕೆ ಸೇರಿತು. ‘ದೇವಯ್ಯನವರ ಕೊನೆಯ ಟ್ರಿಪ್ಪು’ ಅಂತ ರೆಕಾರ್ಡ್ ಮಾಡಿ ಕೇಳಿಸಿದೆ. ಮಾವ ಏನೂ ಹೇಳದೆ ಇಯರ್‌ಫೋನ್ ತೆಗೆದಿಟ್ಟರು. ಅತ್ತೆ “ಅದು ಬೇಡ ಕಣೋ” ಅಂದರು.

ಈಗ ನನ್ನ ಕೈಯಲ್ಲಿ ಉಳಿದಿರುವುದು ‘ಏರು’. ಹನ್ನೆರಡು ಏರು, ಒಂದು ಏರು, ಕೊನೆಯ ಏರು. ಮೇಲೇಳುವುದೂ ಬಂತು, ಏರಿ ಹೋಗುವುದು ಅನ್ನುವಾಗಿನ ಬಿರುಸೂ ಬಂತು, ಮರಳುವ ಮಾತಿಲ್ಲ. ತೊಡಕು ಇಷ್ಟೇ: ಅತ್ತೆಗೆ ಏರು ಅಂದರೆ ನೇಗಿಲು. “ನಾಲ್ಕು ಏರು ಕಟ್ಟಿದ್ರು” ಅಂದರೆ ಅವರ ಕಣ್ಣ ಮುಂದೆ ಬರುವುದು ಎತ್ತು. ನಿಮ್ಮ ಕಡೆ ಈ ಅರ್ಥ ಇನ್ನೂ ಬಳಕೆಯಲ್ಲಿದೆಯೇ? ಕೊಡಗಿನವರು, ವಾಯುಪಡೆಯಲ್ಲಿದ್ದವರು ಈ ಬಳಗದಲ್ಲಿದ್ದರೆ ನೀವು ಮನೆಯಲ್ಲಿ ಏನನ್ನುತ್ತಿದ್ದಿರಿ ತಿಳಿಸಿ. ನನ್ನ ಸಾಲು ಹೀಗಿದೆ, ಖಾಲಿ ಜಾಗಕ್ಕೆ ಪದ ಹಾಕಿ ಒಮ್ಮೆ ಗಟ್ಟಿಯಾಗಿ ಓದಿ ನೋಡಿಯೇ ಕಳಿಸಿ:

“ಸೆಪ್ಟೆಂಬರ್ 7ರ ಬೆಳಗ್ಗೆ ದೇವಯ್ಯನವರು ಹೊರಟದ್ದು ಬದಲಿಯಾಗಿ. ಅದೇ ಅವರ ಕೊನೆಯ ……”