ಸ್ಕೋಡಾ ವಿಆರ್‌ಎಸ್ ಕಾರಿನ ಜೋಡಿ ದಿನಾ ಓಡ್ಸಾಕ ಬೆಳಗಾವ್ಯಾಗ ಯಾವ ಗಾಡಿ ಚಲೋ?

ಟಿಳಕವಾಡಿ 245

ನಮಸ್ಕಾರ ರೀ ಎಲ್ಲಾರಿಗೂ. ಮನ್ಯಾಗ 2020ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 245 ಐತಿ, ಅದನ್ನ ಮಾರೂ ವಿಚಾರ ಇಲ್ಲ. ಅದರ ಜೋಡಿ ದಿನದ ಕೆಲಸಕ್ಕ ಇನ್ನೊಂದು ಗಾಡಿ ಬೇಕು. ಟಿಳಕವಾಡಿಯಿಂದ ಮಚ್ಛೆಗೆ ಹೋಗಿ ಬರೂದು, ಪ್ಯಾಟಿ ಕೆಲಸ ಎಲ್ಲಾ ಸೇರಿ ದಿನಕ್ಕ 24 ಕಿಮೀ, ತಿಂಗಳಿಗೆ 26 ದಿನ. ತಿಂಗಳಿಗೊಮ್ಮೆ ಅವ್ವನ್ನ ಕರಕೊಂಡು ಯರಗಟ್ಟಿ ಕಡೆ ಊರಿಗೆ, ಹೋಗಿ ಬರಾಕ 150 ಕಿಮೀ. ಅದರಾಗ ಕಡೀಗಿನ 6 ಕಿಮೀ ಡಾಂಬರ ಕಿತ್ತ ರಸ್ತಾ. ಅವ್ವಗ ಮೊಣಕಾಲ ನೋವು, ವಿಆರ್‌ಎಸ್ ಸೀಟಿನಿಂದ ಏಳಾಕ ಇಬ್ಬರು ಕೈ ಕೊಡಬೇಕು. ಬಜೆಟ್ 9 ಲಕ್ಷ, ಹೊಸಾದು ಹಳೇದು ಎರಡೂ ನಡೀತೈತಿ. ನೋಡಿದ್ದು ಮೂರು: ಸೆಕೆಂಡ್ ಹ್ಯಾಂಡ್ ಬೊಲೆರೋ ನಿಯೋ ಡೀಸೆಲ್, ಟಾಟಾ ಪಂಚ್ ಇವಿ, ವ್ಯಾಗನ್‌ಆರ್ 1.2 ಎಎಂಟಿ (ಗೇರ್ ತಾನ ಬದಲಾಗೂದು). ಎಲ್ಲಾರೂ ದೊಡ್ಡದ ತಗೋ ಅಂತಾರ. ಬಲ್ಲವರು ಹೇಳ್ರಿ.

ಹದಿನಾಲ್ಕರ ಪಾನಾ

ಸರ್, ಮೊದಲ ನಿಮ್ಮ ವಿಆರ್‌ಎಸ್‌ನ್ಯಾಗ ಏನೈತಿ, ಏನಿಲ್ಲ ನೋಡ್ರಿ. ಡಿಕ್ಕಿ 590 ಲೀಟರ್. ಐದು ಮಂದಿ ಆರಾಮ ಕೂಡ್ತಾರ. ಹೈವೇದಾಗ ಅದರಷ್ಟು ಗಟ್ಟಿ ನಿಲ್ಲೂ ಗಾಡಿ 9 ಲಕ್ಷಕ್ಕ ಸಿಗೂದಿಲ್ಲ. ಅಂದ್ರ ದೊಡ್ಡ ಗಾಡಿ ಮಾಡೂ ಕೆಲಸ ಅದ ಮಾಡ್ತೈತಿ. ಅದರಾಗ ಇಲ್ಲದ್ದು ದಪ್ಪ ಟೈರು, ಎತ್ತರದ ಸೀಟು, ಸಣ್ಣ ಮೈ. ಈ ಮೂರಕ್ಕ ರೊಕ್ಕ ಕೊಡ್ರಿ, ನಾಕನೇದಕ್ಕ ಬ್ಯಾಡ.

ಟೈರಿನ ಲೆಕ್ಕ ಹೇಳ್ತೀನಿ. ನಿಮ್ಮ ಗಾಡಿದ 225/40 ಆರ್18 ಅಂದ್ರ ರಿಮ್ ಮತ್ತ ನೆಲದ ನಡುವ ರಬ್ಬರ್ 90 ಮಿಮೀ. ವ್ಯಾಗನ್‌ಆರ್‌ದ 165/70 ಆರ್14ಕ್ಕ 115 ಮಿಮೀ, ಅದರ 13 ಇಂಚಿನ 155/80ಕ್ಕ 124. ಜುಲೈ ಮಳ್ಯಾಗ ತಗ್ಗು ನೀರು ತುಂಬಿ ನಿಂತಿರ್ತೈತಿ, ಆಳ ತಿಳಿಯೂದಿಲ್ಲ. ಚಕ್ರ ಇಳಿದು ಆಚೀ ದಂಡಿಗೆ ಬಡದಾಗ ಸೈಡ್‌ವಾಲ್ ರಿಮ್ಮಿಗೂ ಕಲ್ಲಿಗೂ ನಡುವ ಸಿಕ್ಕು ಒಳಗಿನ ನೂಲು ಹರೀತಾವ. ಆಮೇಲೆ ಅಲ್ಲೇ ಲಿಂಬಿಹಣ್ಣಿನಷ್ಟು ಗುಳ್ಳಿ ಏಳ್ತೈತಿ. ಅದಕ್ಕ ಪಂಕ್ಚರ್ ಅಂಗಡ್ಯಾಗ ಮದ್ದಿಲ್ಲ, ಟೈರ್ ಬದಲಾಸೂದ. ಆ ಒಂದು ಟೈರಿನ ರೊಕ್ಕದಾಗ ವ್ಯಾಗನ್‌ಆರ್‌ಗೆ ಮೂರು ಟೈರ್ ಬರ್ತಾವ. ಈಗ ನಿಮ್ಮ ಗಾಡೀನ ಜಾಕ್ ಮ್ಯಾಲೆ ಎತ್ತಿದಾಗ ರಿಮ್ಮಿನ ಒಳಗಿನ ದಂಡಿಗೆ ಕೈಯಾಡಿಸಿ ನೋಡ್ರಿ. ಹೊರಗ ಚಂದ ಕಂಡ್ರೂ ಒಳಗ ಮಣದಿರ್ತೈತಿ. ಸ್ಟೀಲ್ ರಿಮ್ ಇದ್ರ ಬಡದು ನೆಟ್ಟಗ ಮಾಡಬಹುದು, ಅಲಾಯ್ ಸೀಳ್ತೈತಿ.

ರಸ್ತಾದಾಗಿನ ಹಂಪಿನ ಮಾತೂ ಹಿಂಗ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪು 10 ಸೆಂಮೀ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಷ್ಟು ಅಗಲ ಇದ್ರ ಮುಂದಿನ ಇಲ್ಲಾ ಹಿಂದಿನ ಚಕ್ರ ಹಂಪಿನ ಮ್ಯಾಲೇ ಇದ್ದು ಗಾಡಿ ಹೊಟ್ಟಿ ಎತ್ತಿ ಹಿಡೀತೈತಿ. ಹಳ್ಯಾಗ ಮಂದಿ ತಾವ ಹಾಕಿದ್ದು ಒಂದೂವರಿ ಮೀಟರ್‌ನ್ಯಾಗ ಅದಕ್ಕಿಂತ ಎತ್ತರ ಏರಿರ್ತೈತಿ. ನಿಮ್ಮ ಎರಡೂ ಚಕ್ರದ ನಡುವ 2.68 ಮೀಟರ್ ಅಂತರ, ಇಡೀ ಹಂಪು ಅದರೊಳಗ ಕೂಡ್ತೈತಿ, ಹೊಟ್ಟಿ ತರಚ್ತೈತಿ. ವ್ಯಾಗನ್‌ಆರ್‌ದು 2.43 ಮೀಟರ್, ನೆಲದಿಂದ ಎತ್ತರ 165 ಮಿಮೀ. ಹಿಂಗಾಗಿ ಪಾರಾಗ್ತೈತಿ.

ಬೊಲೆರೋ ನಿಯೋ ಗಟ್ಟಿ ಗಾಡಿ, ಅದರ ಬಗ್ಗೆ ಗೌರವ ಐತಿ. ಆದ್ರ ಊರೊಳಗ ದಿನಾ ಹತ್ತು-ಹನ್ನೆರಡು ಕಿಮೀ ತುಂಡು ಓಡಾಟಕ್ಕ ಹೊಸ ಹೊಗಿ ನಿಯಮದ ಬಿಎಸ್6 ಡೀಸೆಲ್ ಬ್ಯಾಡ್ರಿ. ಸೈಲೆನ್ಸರ್ ಕಡೆ ಡಿಪಿಎಫ್ ಅಂತ ಮಸಿ ಹಿಡಿಯೂ ಜಾಳಗಿ ಇರ್ತೈತಿ. ಆ ಮಸಿ ಸುಡಾಕ ಹೊಗಿ ಸುಮಾರು 600 ಡಿಗ್ರಿ ಕಾಯಬೇಕು, ಅದಕ್ಕ ಒಂದ ವೇಗದಾಗ ಇಪ್ಪತ್ತು ನಿಮಿಷ ಓಡಬೇಕು. ಸುಡೂ ಹೊತ್ತಿನ್ಯಾಗ ಎರಡನೇ ರೈಲ್ವೆ ಗೇಟ್‌ನ್ಯಾಗ ಎಂಜಿನ್ ಬಂದ್ ಮಾಡಿದ್ರ ಕೆಲಸ ಅರ್ಧಕ್ಕ ನಿಲ್ತೈತಿ. ಹೆಚ್ಚಿಗಿ ಹೊಡದ ಡೀಸೆಲ್ ಆಯಿಲ್‌ನ್ಯಾಗ ಇಳೀತೈತಿ. ಡಿಪ್‌ಸ್ಟಿಕ್ ಮ್ಯಾಲೆ ಆಯಿಲ್ ಮಟ್ಟ ಏರಿದ್ರ ಅದ ಕಾರಣ ಅಂತ ತಿಳೀರಿ.

ಅವ್ವನ ಸಲುವಾಗಿ ಶೋರೂಮಿಗೆ ಅವರನ್ನ ಕರಕೊಂಡು ಹೋಗ್ರಿ. ಸೀಟಿಗೆ ಬೆನ್ನು ಮಾಡಿ ನಿಂದ್ರಸ್ರಿ, ಹಂಗ ಕೂಡಾಕ ಹೇಳ್ರಿ. ಕೆಳಗ ಕುಸೀಬಾರ್ದು, ಮ್ಯಾಲೆ ಹತ್ತಲೂಬಾರ್ದು. ಕೂತ ಮ್ಯಾಲೆ ಕಾಲು ಒಳಗ ತಗೊಳ್ಳೂವಾಗ ಸೀರಿ ನಿರಗಿ ಬಾಗಲಾ ಹೊಸ್ತಿಲಿಗೆ ಸಿಗ್ತೈತೇನು ನೋಡ್ರಿ. ವ್ಯಾಗನ್‌ಆರ್, ಇಗ್ನಿಸ್, ಪಂಚ್ ಮೂರೂ ಇದರಾಗ ಪಾಸ್. ನಿಯೋಕ್ಕ ಏಣಿ ಹತ್ತಿದಂಗ ಹತ್ತಬೇಕು, ನೋವಿರೂ ಮೊಣಕಾಲಿಗೆ ಅದು ತ್ರಾಸ.

ನನ್ನ ಓಟು ವ್ಯಾಗನ್‌ಆರ್ 1.2ಕ್ಕ. ಅಗಲ 1,620 ಮಿಮೀ, ಆಕ್ಟೇವಿಯಾ 1,814. ಖಡೇಬಜಾರ್‌ನ್ಯಾಗ ಆ ಒಂದು ಗೇಣಿನ ಬೆಲಿ ತಿಳೀತೈತಿ.

ಮುಧೋಳ ಚಾರ್ಜ್

ಪಾನಾ ಅಣ್ಣಾವ್ರು ಹೇಳಿದ್ದರಲ್ಲಿ ಡೀಸೆಲ್ ಮಾತು ನೂರಕ್ಕೆ ನೂರು ಸರಿ. ಆದರೆ ತುಂಡು ಓಡಾಟಕ್ಕೆ ಪೆಟ್ರೋಲ್ ಕೂಡ ಪೂರ್ತಿ ಸುಖಿಯಲ್ಲ, ಎಂಜಿನ್ ಕಾಯುವಷ್ಟರಲ್ಲಿ ಆಫೀಸು ಬಂದಿರುತ್ತದೆ. ಆ ಚಿಂತೆಯೇ ಇಲ್ಲದ್ದು ಇವಿ.

ವರ್ಷದ ದಿನನಿತ್ಯದ ಓಟ 7,500 ಕಿಮೀ ಅಂತ ಹಿಡಿಯಿರಿ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಹಿಡಿದರೆ, ಊರೊಳಗೆ ಲೀಟರಿಗೆ 8 ಕಿಮೀ ಕೊಡುವ ವಿಆರ್‌ಎಸ್‌ಗೆ ಸುಮಾರು 96,500. 15 ಕೊಡುವ ವ್ಯಾಗನ್‌ಆರ್‌ಗೆ 51,500. ಗೋಡೆಯ ಮೀಟರಿನ ಲೆಕ್ಕದಲ್ಲಿ ಯೂನಿಟ್‌ಗೆ 6 ಕಿಮೀ ಓಡುವ ಇವಿಗೆ, ಯೂನಿಟ್‌ಗೆ 7 ರೂಪಾಯಿ ಹಿಡಿದರೂ 8,750. ವ್ಯಾಗನ್‌ಆರ್‌ಗಿಂತ ವರ್ಷಕ್ಕೆ 42 ಸಾವಿರ ಉಳಿತಾಯ. ಎರಡು ಗಾಡಿಯ ಆನ್‌ರೋಡ್ ಬೆಲೆಯ ವ್ಯತ್ಯಾಸವನ್ನು ಇದರಿಂದ ಭಾಗಿಸಿ ನೋಡಿ. ಆರು ವರ್ಷಕ್ಕಿಂತ ಹೆಚ್ಚು ಬಂದರೆ ಹಣದ ಕಾರಣಕ್ಕೆ ಇವಿ ಬೇಡ.

ಪಂಚ್ ಇವಿಯಲ್ಲಿ 25 ಯೂನಿಟ್ ಬ್ಯಾಟರಿಯದ್ದು ನಿಮಗೆ ಇಕ್ಕಟ್ಟು. ಯರಗಟ್ಟಿ ಕಡೆಯ 150 ಕಿಮೀ ಎಸಿ ಹಾಕಿ 80ರಲ್ಲಿ ಹೋದರೆ ಮನೆ ಮುಟ್ಟುವಾಗ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. 35ರದ್ದು ಆರಾಮ, ಆದರೆ ಹೊಸದು ಎರಡರಲ್ಲಿ ಯಾವುದಾದರೂ ನಿಮ್ಮ ಬಜೆಟ್ ದಾಟುತ್ತದೆ, ಹಳೆಯದೇ ನೋಡಬೇಕು. 25 ಯೂನಿಟ್‌ನದ್ದು ತಗೊಂಡರೆ ಊರಿನ ಮನೆಯಲ್ಲೂ 15 ಆಂಪಿಯರ್ ಸಾಕೆಟ್ ಬೇಕು.

ಮನೆಯಲ್ಲಿ ಮೊದಲು ಅರ್ಥಿಂಗ್ ನೋಡಿಸಿ. ಮಲ್ಟಿಮೀಟರ್‌ನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ 5 ವೋಲ್ಟ್‌ಗಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಮೀಟರ್ ಬೋರ್ಡಿನಿಂದ ಪಾರ್ಕಿಂಗ್ ತನಕ ಪ್ರತ್ಯೇಕವಾಗಿ 4 ಚದರ ಮಿಮೀ ತಾಮ್ರದ ವೈರ್, 20 ಆಂಪಿಯರ್ ಎಂಸಿಬಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬಂದ್ ಮಾಡುವ ಸ್ವಿಚ್). ಗೀಸರಿನ ಹಳೆಯ ಲೈನಿಗೆ ಜೋಡಿಸಬೇಡಿ. ಎಂಟು ತಾಸು ಸತತವಾಗಿ ಎಳೆದಾಗ ಸಾಕೆಟ್ಟಿನ ಸಡಿಲ ಸ್ಕ್ರೂ ಕಾದು ಪ್ಲಾಸ್ಟಿಕ್ ಕರಗುತ್ತದೆ. ಹೆಸ್ಕಾಂ ಮಂಜೂರು ಮಾಡಿದ ಲೋಡ್ ಬಿಲ್ಲಿನಲ್ಲೇ ಇರುತ್ತದೆ, 3 ಕಿಲೋವ್ಯಾಟ್‌ಗಿಂತ ಕಡಿಮೆ ಇದ್ದರೆ ಮೊದಲೇ ಹೆಚ್ಚಿಸಿಕೊಳ್ಳಿ.

ಚಿಕ್ಕೋಡಿ ಕೆಎ23

ಹಳೇದು ನೋಡಾವ್ರು ಒಂದ್ ಮಾತು ಕೇಳ್ರಿ. ಕೊಲ್ಲಾಪುರ, ಸಾಂಗ್ಲಿ ಕಡೆಯ ಎಂಎಚ್ ಗಾಡಿ ಅಗ್ಗ ಅನಸ್ತಾವ. 2019ರ ಆಗಸ್ಟ್, 2021ರ ಜುಲೈ ಎರಡೂ ಸಲ ಆ ಕಡೆ ನೆರಿ ಬಂದಿತ್ತು. ನಮ್ಮ ಗೋಕಾಕ ಕಡೇನೂ 2019ರಾಗ ನೀರು ಹೊಕ್ಕಿತ್ತು. ಅದಕ್ಕಿಂತ ಹಿಂದಿನ ಗಾಡಿ ಇದ್ರ ಸೀಟ್ ಬೆಲ್ಟ್ ಪೂರ್ತಿ ಕಡೀತನ ಎಳೀರಿ. ಮ್ಯಾಲಿನ ಭಾಗ ತೊಳದಿರ್ತಾರ, ಸುತ್ತಿಕೊಂಡ ಕಡೀ ಒಂದು ಮೊಳದಾಗ ರಾಡಿ ಗೆರಿ ಹಂಗ ಉಳದಿರ್ತೈತಿ. ಸ್ಟೆಪ್ನಿ ತಗದು ಆ ತಗ್ಗಿನ್ಯಾಗ ಕೈ ಹಾಕ್ರಿ, ಸಣ್ಣ ಮಣ್ಣು ಸಿಕ್ರ ಬಿಟ್ಟು ಬರ್ರಿ. ಸೀಟಿನ ಹಳಿ ತುಕ್ಕು, ಫ್ಯೂಸ್ ಬಾಕ್ಸ್ ಪಿನ್ ಹಸರಗಟ್ಟಿದ್ದು ಅದರ ಗುರುತ.

ಕಾಗದದ ಖರ್ಚೂ ಕೂಡಸ್ರಿ. ಮಹಾರಾಷ್ಟ್ರದ ಆರ್‌ಟಿಒದಿಂದ ಫಾರ್ಮ್ 28 ಎನ್‌ಒಸಿ, ಇಲ್ಲಿ ಫಾರ್ಮ್ 27, ಹೆಸರು ಬದಲಿಗೆ 29 ಮತ್ತ 30. ಸಾಲ ಇತ್ತಂದ್ರ 35. ಮ್ಯಾಲೆ ಕರ್ನಾಟಕದ ಲೈಫ್ ಟ್ಯಾಕ್ಸ್. 12 ತಿಂಗಳ ಮ್ಯಾಲೆ ಬ್ಯಾರೆ ರಾಜ್ಯದ ನಂಬರ್ ಇಲ್ಲಿ ಓಡಸೂ ಹಂಗಿಲ್ಲ. ಎಲ್ಲಾ ಕೂಡಿಸಿದ್ರ ಬೆಳಗಾವಿಯ ಕೆಎ-22 ಗಾಡಿನ ಅಗ್ಗ ಬೀಳೂದು ಹೆಚ್ಚು. ಇನ್ನೊಂದು: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಗಾಡಿ ಜಿಎಸ್‌ಟಿ ಶೇ 18ಕ್ಕ ಇಳದೈತಿ. ಹಳೇ ಗಾಡಿಯವರು ಇನ್ನೂ ಹಿಂದಿನ ರೇಟ್ ಹೇಳ್ತಾರ, ಹೊಸಾದರ ಕೊಟೇಶನ್ ಕೈಯಾಗ ಹಿಡಕೊಂಡ ಮಾತಾಡ್ರಿ.

ಎಎಂಟಿ ಇದ್ರ ಏರಿನ ಮ್ಯಾಲೆ ನಿಲ್ಲಿಸಿ, ಬ್ರೇಕ್ ಬಿಟ್ಟು ಮೆಲ್ಲಕ ಎತ್ತಿ ನೋಡ್ರಿ. ಜಗ್ಗಿ ನಡುಗಿದ್ರ ಕ್ಲಚ್ ಮುಗದೈತಿ. ಅದರೊಳಗ ಇರೂದು ಮ್ಯಾನುವಲ್ ಗಾಡಿದ ಒಣ ಕ್ಲಚ್ಚ, ಏರಿನ್ಯಾಗ ಆಕ್ಸಲರೇಟರ್ ಒತ್ತಿ ಗಾಡಿ ಹಿಡದು ನಿಂದ್ರಸಾವ್ರು ಅದನ್ನ ಸುಡ್ತಾರ.

ಟಿಳಕವಾಡಿ 245

ಬಾಳ ಉಪಕಾರ ಆತ್ರಿ. ನಿಯೋ ಬಿಟ್ಟೆ. ಊರಿನ ಮನ್ಯಾಗ ವೋಲ್ಟೇಜ್ ಸಂಜೀಕ ಬಾಳ ಇಳೀತೈತಿ, ಹಿಂಗಾಗಿ ಇವಿನೂ ಸದ್ಯಕ್ಕ ಬ್ಯಾಡ. ವ್ಯಾಗನ್‌ಆರ್ ಬಂದ್ರ ವಿಆರ್‌ಎಸ್ ವಾರಗಟ್ಟಲೆ ನಿಲ್ತೈತಿ. ಅದಕ್ಕೇನು ಮಾಡೂದು?

ಹದಿನಾಲ್ಕರ ಪಾನಾ

ಹತ್ತು ದಿನಕ್ಕೊಮ್ಮೆ ಹಿರೇಬಾಗೇವಾಡಿ ತನಕ ಹೈವೇದಾಗ ಹೋಗಿ ಬರ್ರಿ. ನಿಂತಲ್ಲೇ ಚಾಲೂ ಇಟ್ರ ಉಪಯೋಗಿಲ್ಲ. ಮೀಟರ್‌ನ್ಯಾಗ ಆಯಿಲ್ ಟೆಂಪರೇಚರ್ ಬರ್ತೈತಲ್ಲ, ಅದು 90 ಮುಟ್ಟಿ ಹದಿನೈದು ನಿಮಿಷ ಓಡಿದ್ರ ಆಯಿಲ್‌ನ್ಯಾಗಿನ ನೀರು, ಪೆಟ್ರೋಲ್ ಆವಿ ಆಗಿ ಹೋಗ್ತಾವ. ನೀರಿನ ಮುಳ್ಳು 90 ತೋರಿಸಿದಾಗ ಆಯಿಲ್ ಇನ್ನೂ ತಣ್ಣಗ ಇರ್ತೈತಿ, ಅದನ್ನ ನೋಡಿ ಮೋಸ ಹೋಗಬ್ಯಾಡ್ರಿ. ಕಿಮೀ ಆಗದಿದ್ರೂ ವರ್ಷಕ್ಕೊಮ್ಮೆ ಆಯಿಲ್ ಬದಲಾಸ್ರಿ.

ಈಗ ಪಂಪಿನ್ಯಾಗ ಸಿಗೂದು ಇ20, ಅಂದ್ರ ಶೇ 20 ಎಥನಾಲ್ ಕೂಡಿಸಿದ ಪೆಟ್ರೋಲ್, ಅದರಾಗಿನ ಎಥನಾಲ್ ಗಾಳಿಯಾಗಿನ ತೇವ ಹೀರ್ತೈತಿ. ಟ್ಯಾಂಕ್ ತುಂಬಿ ನಿಲ್ಲಸ್ರಿ, ಖಾಲಿ ಜಾಗ ಕಡಿಮಿ ಇದ್ರ ತೇವನೂ ಕಡಿಮಿ. ಟೈರಿಗೆ 3-4 ಪಿಎಸ್ಐ ಹೆಚ್ಚಿಗಿ ಗಾಳಿ ಹಾಕ್ರಿ, ಹೊರಡೂ ಮುಂದ ಇಳಸ್ರಿ. ಮಳ್ಯಾಗ ತೊಳದ ಕೂಡಲೆ ನಿಲ್ಲಸಬ್ಯಾಡ್ರಿ. ಒಂದ್ ಸುತ್ತು ಹೋಗಿ ಬ್ರೇಕ್ ಒತ್ತಿ ಒಣಗಿಸಿ ಆಮ್ಯಾಲೆ ಒಳಗ ಹಾಕ್ರಿ, ಇಲ್ಲಾಂದ್ರ ಪ್ಯಾಡ್ ಡಿಸ್ಕಿಗೆ ಅಂಟ್ತೈತಿ. ಬಾನೆಟ್ ವಾರಕ್ಕೆರಡು ಸಲ ತಗದು ನೋಡ್ರಿ, ಕಬ್ಬು ಕಟಾವು ಆಗೂ ಹೊತ್ತಿಗೆ ಇಲಿ ಹೊಲ ಬಿಟ್ಟು ಮನಿ ಕಡೆ ಬರ್ತಾವ.