ಉಪ್ಪು ಬಿಟ್ಟ ಮೇಲೆ ಕಸುವು ಕುಗ್ಗಿದೆ, ಏನು ಮಾಡಲಿ?

ಬಾಗಲಕೋಟೆಯಿಂದ ಪ್ರಶ್ನೆ:
ಅಣ್ಣಂದಿರೇ, ಮೈ ಕರಗಲೆಂದು ಒಂದು ತಿಂಗಳಿಂದ ಉಪ್ಪು ಬಹುತೇಕ ಬಿಟ್ಟಿದ್ದೇನೆ. ದಿನಕ್ಕೆ ಐದು ಲೀಟರ್ ನೀರು ಕುಡಿಯುತ್ತೇನೆ. ಆದರೂ ಜಿಮ್‌ನಲ್ಲಿ ಎರಡನೇ ಸೆಟ್‌ಗೇ ಕೈಕಾಲು ಸೋಲುತ್ತವೆ. ಯಾರಿಗಾದರೂ ಹೀಗಾಗಿತ್ತೇ?

ವಿಜಯಪುರದಿಂದ:
ತಮ್ಮಾ, ಹೋದ ಏಪ್ರಿಲ್‌ನಲ್ಲಿ ನನಗೂ ಇದೇ ಆಗಿತ್ತು. ನಾನೂ ಹಿಂಡಿ (ಚಟ್ನಿಪುಡಿ), ಉಪ್ಪಿನಕಾಯಿ, ಮಜ್ಜಿಗೆ ಎಲ್ಲ ಬಿಟ್ಟಿದ್ದೆ. ನಮ್ಮ ಜೋಳದ ರೊಟ್ಟಿಯ ಹಿಟ್ಟಿಗೆ ಉಪ್ಪು ಬೀಳುವುದಿಲ್ಲ. ಹಚ್ಚಿಕೊಂಡು ತಿನ್ನುವುದನ್ನೇ ಬಿಟ್ಟರೆ ಉಪ್ಪು ಬರುವುದಾದರೂ ಎಲ್ಲಿಂದ? 100 ಕಿಲೋ ಹೊತ್ತು ಐದು ಬೈಠಕ್ ಹೊಡೆಯುತ್ತಿದ್ದವನು ಮೂರಕ್ಕೇ ನಿಲ್ಲುತ್ತಿದ್ದೆ. ರಾತ್ರಿ ಮೀನಖಂಡ ಹಿಡಿಯುತ್ತಿತ್ತು. ಒಂದು ದಿನ ಒಣಗಿದ ಕರಿ ಅಂಗಿಯ ಬೆನ್ನಿನಲ್ಲಿ ಬಿಳಿ ಗೆರೆಗಳು ಕಂಡವು. ನಾಲಿಗೆಗೆ ತಾಗಿಸಿ ನೋಡಿದೆ, ಅಪ್ಪಟ ಉಪ್ಪು.

ಮರುದಿನ ತಾಲೀಮಿಗೆ ಮುಂಚೆ 72.4 ಕಿಲೋ ಇದ್ದ ತೂಕ ಮುಗಿಯುವಾಗ 70.8ಕ್ಕೆ ಇಳಿದಿತ್ತು. ನಡುವೆ ಹನಿ ನೀರು ಕುಡಿದಿರಲಿಲ್ಲ. ಅಂದರೆ ಒಂದೂವರೆ ಲೀಟರ್‌ಗೂ ಮಿಕ್ಕಿ ಬೆವರು. ಒಂದು ಲೀಟರ್ ಬೆವರಿನಲ್ಲಿ ಸುಮಾರು ಒಂದು ಗ್ರಾಂ ಸೋಡಿಯಂ ಹೋಗುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಪ್ರಮಾಣ. ಉಪ್ಪಿನ ಲೆಕ್ಕದಲ್ಲಿ ಅದು ಎರಡೂವರೆ ಗ್ರಾಂ, ಹೆಚ್ಚುಕಡಿಮೆ ಅರ್ಧ ಟೀ ಚಮಚ. ನರದ ಸಂದೇಶ ಸ್ನಾಯುವಿಗೆ ತಲುಪಲು ಸೋಡಿಯಂ ಬೇಕು, ರಕ್ತದಲ್ಲಿ ನೀರು ನಿಲ್ಲಲೂ ಅದೇ ಬೇಕು. ಬರಿ ನೀರು ಸುರಿದುಕೊಂಡರೆ ಬಹುಪಾಲು ಮೂತ್ರವಾಗಿ ಹೋಗುತ್ತದೆ; ಅತಿಯಾದರೆ ರಕ್ತದ ಸೋಡಿಯಂ ಇಳಿದು ಜೀವಕ್ಕೇ ಅಪಾಯ.

ನಾನು ಮಾಡಿದ್ದಿಷ್ಟೇ: ತಾಲೀಮಿಗೆ ಒಂದು ತಾಸು ಮುಂಚೆ ಉಪ್ಪು, ಜೀರಿಗೆ ಹಾಕಿದ ಒಂದು ತಂಬಿಗೆ ಮಜ್ಜಿಗೆ, ನಡುನಡುವೆ ಗುಟುಕು ನೀರು, ರಾತ್ರಿ ರೊಟ್ಟಿಗೆ ಮತ್ತೆ ಶೇಂಗಾ ಹಿಂಡಿ. ಹತ್ತು ದಿನಕ್ಕೆ ಐದು ಬೈಠಕ್ ಮರಳಿ ಬಂದವು.

ಬೆಳಗಾವಿಯಿಂದ:
ವಿಜಯಪುರದ ಅಣ್ಣನ ಮಾತು ಬಿಸಿಲಿಗೆ ಸರಿ. ನಮ್ಮಲ್ಲಿ ಜುಲೈ ಮಳೆಯಲ್ಲಿ ಅಷ್ಟು ಬೆವರು ಬರುವುದಿಲ್ಲ. ಆಗಲೂ ನಾನು ಉಪ್ಪುನೀರು ಕುಡಿದೆ. ಬೆಳಿಗ್ಗೆ ಮುಖ ಊದಿಕೊಂಡಿತೇ ಹೊರತು ಒಂದು ಕಿಲೋ ಹೆಚ್ಚು ಎತ್ತಲಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಿ ಎಂದು. ಮೈ ತೊಯ್ದ ದಿನ ಮಾತ್ರ ನಾನು ಅದನ್ನು ದಾಟುತ್ತೇನೆ.

ಜಮಖಂಡಿಯಿಂದ:
ನಾನು ರಕ್ತದೊತ್ತಡದ ಮಾತ್ರೆ ನುಂಗುವವನು. ನನ್ನಂಥವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಚಿಟಿಕೆ ಉಪ್ಪನ್ನೂ ಹೆಚ್ಚಿಸಬಾರದು. ತಮ್ಮಾ, ನಿನ್ನ ರಕ್ತದೊತ್ತಡ ಎಷ್ಟಿದೆ? ನಾಳೆಯೇ ನೋಡಿಸಿ ಇಲ್ಲಿ ತಿಳಿಸು.